ಬಲಗಡೆಯ ಜೇಬು

ನಮ್ಮ ದರ್ಜಿ ಮಾಸ್ತರು ಸುಮ್ಮನಿರುತ್ತಿದ್ದುದು ಬಾಯಲ್ಲಿ ಗುಂಡುಸೂಜಿ ಇರುವಾಗ ಮಾತ್ರ. ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಕಚ್ಚಾ ಹೊಲಿಗೆಯ ಕೋಟು ತೊಡಿಸಿ, ಎಲ್ಲಿ ಹಿಡಿಯಬೇಕು ಎಲ್ಲಿ ಬಿಡಬೇಕು ಎಂದು ಗುರುತು ಹಾಕುವಾಗ ಅವರ ತುಟಿಗಳ ನಡುವೆ ಏಳೆಂಟು ಸೂಜಿಗಳಿರುತ್ತಿದ್ದವು. ಆ ಹೊತ್ತಿನಲ್ಲಿ ಗಿರಾಕಿ ದೇಶದ ಬಗ್ಗೆ ಏನೇ ಹೇಳಲಿ, ಮಾಸ್ತರರ ಮೂಗಿನಿಂದ ಒಂದು ಸದ್ದು ಬರುತ್ತಿತ್ತು, ಅಷ್ಟೆ. ಕೊನೆಯ ಸೂಜಿ ಬಟ್ಟೆ ಸೇರಿದ ಕೂಡಲೇ ಅಲ್ಲಿಯವರೆಗೆ ತಡೆದಿಟ್ಟದ್ದೆಲ್ಲ ಒಟ್ಟಿಗೇ ಹೊರಬೀಳುತ್ತಿತ್ತು. ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವರ ಹೆಂಡತಿಗೆ. ಅಂಗಡಿಯಲ್ಲಿ ಮಾತು ಜಗಳದ ಕಡೆ ಹೊರಳಿತು ಅನ್ನಿಸಿದರೆ ಆಕೆ ಸೂಜಿಯ ಡಬ್ಬಿಯನ್ನು ಗಂಡನ ಕಡೆ ಸರಿಸಿ, "ತೊಗೊಳ್ಳಿ" ಅನ್ನುತ್ತಿದ್ದರು. ಮಾಸ್ತರು ಸೂಜಿಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಅಂಗಡಿ ಎಂದರೆ ಒಂದೇ ಕೋಣೆ, ಎರಡು ಮಶೀನು, ಒಂದು ಕಿಟಕಿ. ಮಾಸ್ತರರ ಮಶೀನು ಬಾಗಿಲ ಬಳಿ, ಹೋಗಿ ಬರುವವರೊಡನೆ ಮಾತಾಡಲು ಅನುಕೂಲ. ಹೆಂಡತಿಯ ಮಶೀನು ಕಿಟಕಿಯ ಬಳಿ, ಕೆಲಸ ಮಾಡಲು ಅನುಕೂಲ. ಅಳತೆ ತೆಗೆಯುವುದು, ಕತ್ತರಿಸುವುದು, ಉಪನ್ಯಾಸ ಕೊಡುವುದು ಮಾಸ್ತರರ ಪಾಲು. ಅಸ್ತರು ಕೂರಿಸುವುದು, ಕಾಜ ಹೊಲಿಯುವುದು, ಮಾಸ್ತರು ಉಪನ್ಯಾಸದ ಭರದಲ್ಲಿ ಓರೆಯಾಗಿ ಕತ್ತರಿಸಿದ್ದನ್ನು ನೇರ ಮಾಡುವುದು ಹೆಂಡತಿಯ ಪಾಲು. ಆಕೆ ಕೈಯಲ್ಲಿ ಹೊಲಿದ ಕಾಜ ನೋಡಿದರೆ ಗುಂಡಿ ಹಾಕಿ ಮುಚ್ಚಲು ಮನಸ್ಸು ಬರುತ್ತಿರಲಿಲ್ಲ. ಅಂಗಡಿಗೆ ಹೆಸರು ಬಂದದ್ದು ಅದರಿಂದ. ಹೆಸರು ಬಂದದ್ದು ತಮ್ಮ ಮಾತಿನಿಂದ ಎಂದು ಮಾಸ್ತರು ನಂಬಿದ್ದರು. ಆಕೆ ಅದನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ.

ಹೀಗಿರುವಾಗ ಆರ್ಥಿಕ ಮುಗ್ಗಟ್ಟು ಬಂತು. ಅದು ಬಂದದ್ದು ನಮಗೆ ಮೊದಲು ಪತ್ರಿಕೆಯಿಂದ ಗೊತ್ತಾಗಲಿಲ್ಲ, ಆಕಾಶದಿಂದ ಗೊತ್ತಾಯಿತು. ಊರಿನ ಬಾಟ್ಲಿ ಕಾರ್ಖಾನೆಯ ಮೂರು ಚಿಮಣಿಗಳಲ್ಲಿ ಎರಡು ಹೊಗೆ ಬಿಡುವುದನ್ನು ನಿಲ್ಲಿಸಿದವು. ಬಟ್ಟೆ ಒಣಹಾಕುವವರಿಗೆ ಸಂತೋಷವಾಯಿತು. ಒಂದು ತಿಂಗಳಾದ ಮೇಲೆ ಆ ಬಟ್ಟೆಯ ಒಳಗಿರಬೇಕಾದವರು ಬೀದಿಯಲ್ಲಿ ನಿಂತಿದ್ದರು. ಆಮೇಲೆ ಸಾಗಣೆಯವರು, ಆಮೇಲೆ ಸಾಗಣೆಯವರಿಗೆ ಚಹಾ ಕೊಡುತ್ತಿದ್ದವರು, ಹೀಗೆ ಒಬ್ಬರ ಹಿಂದೆ ಒಬ್ಬರು. ಮಂತ್ರಿಗಳು ಇದನ್ನು "ತಾತ್ಕಾಲಿಕ ವಿಶ್ರಾಂತಿ" ಎಂದು ಕರೆದರು. ನಿಜ, ಅಷ್ಟೊಂದು ಜನ ಅಷ್ಟು ದಿನ ವಿಶ್ರಾಂತಿ ಪಡೆದದ್ದನ್ನು ನಾವು ಹಿಂದೆ ನೋಡಿರಲಿಲ್ಲ.

ಹೊಸ ಕೋಟು ಹೊಲಿಸುವವರು ಕಾಣೆಯಾದರು. ಚಳಿ ಮಾತ್ರ ಹೇಳಿದ ಹೊತ್ತಿಗೆ ಬಂತು. ಆಗ ಮಾಸ್ತರರ ಅಂಗಡಿಯನ್ನು ಉಳಿಸಿದ್ದು ತಿರುವುವ ಕೆಲಸ.

ಕೋಟು ತಿರುವುವುದೆಂದರೆ ಹೀಗೆ. ಹಳೆಯ ಕೋಟಿನ ಹೊರಮೈ ಸವೆದು, ಮೊಣಕೈ ಮಿರಮಿರ ಮಿನುಗುತ್ತಿರುತ್ತದೆ. ಒಳಮೈ ಮಾತ್ರ ಬೆಳಕು ಕಾಣದೆ ಹೊಸದರ ಹಾಗೇ ಇರುತ್ತದೆ. ಎಲ್ಲ ಹೊಲಿಗೆ ಬಿಚ್ಚಿ, ಒಳಗಿನದನ್ನು ಹೊರಗೆ ಮಾಡಿ, ಮತ್ತೆ ಹೊಲಿದರೆ ಕೋಟಿಗೆ ಇನ್ನೊಂದು ಆಯುಸ್ಸು. ಒಂದೇ ತೊಡಕು. ಎದೆಯ ಮೇಲಿನ ಜೇಬು ಎಡಗಡೆ ಇದ್ದದ್ದು ಬಲಗಡೆಗೆ ಬಂದುಬಿಡುತ್ತದೆ. ಕಾಜಗಳ ಪಕ್ಕವೂ ಬದಲಾಗುತ್ತದೆ, ಆದರೆ ಹಳೆಯ ಕಾಜವನ್ನು ಮಾಸ್ತರರ ಹೆಂಡತಿ ಎಳೆಗೆ ಎಳೆ ಸೇರಿಸಿ ಕಾಣದ ಹಾಗೆ ಮುಚ್ಚಬಲ್ಲರು. ಜೇಬಿನ ಬಾಯಿ ದೊಡ್ಡದು. ಮುಚ್ಚಿದರೆ ಚಾಕು ತಗುಲಿದ ಗುರುತಿನ ಹಾಗೆ ಕಾಣುತ್ತದೆ. ಆದ್ದರಿಂದ ಅದನ್ನು ಹಾಗೇ ಬಿಡಬೇಕು. ಬಲಗಡೆ ಜೇಬಿದೆ ಎಂದರೆ ಕೋಟು ತಿರುವಿದ್ದು ಎಂದು ಅರ್ಥ. ಕೋಟು ತಿರುವಿದ್ದು ಎಂದರೆ ಮನೆಯ ಸ್ಥಿತಿಯೂ ತಿರುವುಮುರುವಾಗಿದೆ ಎಂದು ಅರ್ಥ.

ಇದಕ್ಕೆ ನಮ್ಮ ಊರಿನ ಗಂಡಸರು ಒಂದು ಉಪಾಯ ಕಂಡುಕೊಂಡರು. ಬಲಗೈಯಿಂದ ಕೋಟಿನ ಬಲ ಅಂಚನ್ನು ಹಿಡಿದುಕೊಂಡು, ಎದೆ ಸ್ವಲ್ಪ ಮುಂದೆ ಮಾಡಿ ನಿಲ್ಲುವುದು. ಮುಂಗೈ ಜೇಬನ್ನು ಪೂರ್ತಿ ಮುಚ್ಚುತ್ತದೆ. ನೋಡಿದವರಿಗೆ ಪುರಸಭೆಯ ಗೋಡೆಯಲ್ಲಿ ನೇತುಹಾಕಿದ ಹಿರಿಯರ ಚಿತ್ರದ ನೆನಪಾಗುತ್ತದೆ. ಕೆಲಸವಿದ್ದಾಗ ಕೈ ಬೀಸಿಕೊಂಡು ಓಡಾಡುತ್ತಿದ್ದ ಬಾಟ್ಲಿ ಕಾರ್ಖಾನೆಯ ಜನ ಕೆಲಸ ಹೋದ ಮೇಲೆ ಮಹನೀಯರ ಭಂಗಿಯಲ್ಲಿ ನಡೆಯತೊಡಗಿದರು. ಊರಿಗೆ ಬಂದ ಹೊಸಬರು, "ಏನು ಗಾಂಭೀರ್ಯ ಸ್ವಾಮಿ ನಿಮ್ಮ ಜನದ್ದು!" ಎಂದು ಹೊಗಳಿ ಹೋಗುತ್ತಿದ್ದರು.

ತಮಾಷೆಯೆಂದರೆ, ಕೋಟು ತಿರುವಿಸಿಕೊಂಡದ್ದು ಊರಿಗೆಲ್ಲ ತಾನೊಬ್ಬನೇ ಎಂದು ಪ್ರತಿಯೊಬ್ಬನೂ ತಿಳಿದಿದ್ದ. ಮಿಕ್ಕವರ ಗಾಂಭೀರ್ಯ ನಿಜವಾದದ್ದು, ತನ್ನದು ಮಾತ್ರ ನಾಟಕ! ಇದಕ್ಕೆ ಕಾರಣ ಮಾಸ್ತರರ ಒಂದು ಒಳ್ಳೆಯ ಗುಣ. ಇಷ್ಟು ಮಾತಾಡುವ ಮನುಷ್ಯ, ಯಾರ ಕೋಟು ತಿರುವಿದೆ ಎಂಬುದನ್ನು ಮಾತ್ರ ಎಂದೂ ಬಾಯಿ ಬಿಟ್ಟವರಲ್ಲ. ತಂದದ್ದು ಹಿತ್ತಿಲ ಬಾಗಿಲಿಂದ, ಒಯ್ದದ್ದು ಕಾಗದದಲ್ಲಿ ಸುತ್ತಿ. ನನ್ನದನ್ನೂ ಹಾಗೇ ತಂದುಕೊಂಡೆ. ನಾಲ್ಕು ಮನೆ ಆಚೆ ಇದ್ದ ಗಣಿತದ ಮೇಷ್ಟ್ರು ಅದೇ ಬಾಗಿಲಲ್ಲಿ ಎದುರಾದರು. ಇಬ್ಬರೂ ದಾರಿ ತಪ್ಪಿ ಬಂದವರ ಹಾಗೆ ವಿಳಾಸ ವಿಚಾರಿಸಿಕೊಂಡು ಬೇರೆಯಾದೆವು.

ಇನ್ನು ವಾಚನಾಲಯದ ವಿಷಯ. ಮುಗ್ಗಟ್ಟಿನ ಮೊದಲು ಅಲ್ಲಿಗೆ ಭಾನುವಾರ ನಾಲ್ಕು ಜನ ಬರುತ್ತಿದ್ದರು, ಅದರಲ್ಲಿ ಇಬ್ಬರು ಮಲಗಲು. ಮುಗ್ಗಟ್ಟು ಬಂದ ಮೇಲೆ ಬೆಂಚು ಸಾಲದಾಯಿತು. ಮನೆಯಲ್ಲಿ ಕುಳಿತು ಹೆಂಡತಿಯ ಮುಖ ನೋಡುವುದಕ್ಕಿಂತ ಅಲ್ಲಿ ಕುಳಿತು ದೇಶದ ಮುಖ ನೋಡುವುದು ಹಿತ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು. ಪ್ರತಿ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಚರ್ಚಾಕೂಟ. ವಿಷಯ ಎಂದಿನದೇ: ಮುಗ್ಗಟ್ಟಿನಿಂದ ಮೇಲೇಳಲು ಸರ್ಕಾರ ಖರ್ಚು ಮಾಡಬೇಕೇ, ಕೈ ಬಿಗಿ ಹಿಡಿಯಬೇಕೇ? ಬಿಗಿ ಪಕ್ಷದ ನಾಯಕರು ನಮ್ಮ ಮಾಸ್ತರು. ಸಡಿಲ ಪಕ್ಷದ ನಾಯಕ ಅವರ ಬಾಮೈದ, ಅಂದರೆ ಹೆಂಡತಿಯ ತಮ್ಮ, ಅಂಚೆ ಕಚೇರಿಯ ಗುಮಾಸ್ತ.

ಮಾಸ್ತರು ಬಿಗಿ ಪಕ್ಷ ಸೇರಿದ್ದು ಯಾವ ಸಿದ್ಧಾಂತದಿಂದಲೂ ಅಲ್ಲ. ಮೊದಲ ದಿನ ಬಾಮೈದ ಎದ್ದು ಸಡಿಲ ಎಂದ. ಬಾಮೈದ ಹೇಳಿದ್ದನ್ನು ಒಪ್ಪುವ ಭಾವ ಭೂಮಿಯ ಮೇಲೆ ಇನ್ನೂ ಹುಟ್ಟಬೇಕು. ಮಾಸ್ತರು ಎದ್ದು ಬಿಗಿ ಎಂದರು. ಒಮ್ಮೆ ಹೇಳಿದ ಮೇಲೆ ಅದಕ್ಕೆ ಕಾರಣಗಳು ತಾವಾಗಿಯೇ ಹುಟ್ಟಿಕೊಂಡವು.

"ಸರ್ಕಾರಕ್ಕೆ ತನ್ನದು ಅಂತ ಜೇಬು ಎಲ್ಲಿದೆ ಸ್ವಾಮಿ? ಅದು ಕೈ ಹಾಕೋದು ನಿಮ್ಮ ಜೇಬಿಗೆ. ಎಡಗಡೆಯಿಂದ ತೆಗೀತದೆ, ಬಲಗಡೆಗೆ ಹಾಕ್ತದೆ, ಮಧ್ಯದಲ್ಲಿ ಕೈಗೆ ಅಂಟಿದ್ದು ಅದರ ಸಂಬಳ!" ಎಂದು ಅವರು ಗುಡುಗಿದರೆ ಸಭೆ ಉರುಳಾಡಿ ನಗುತ್ತಿತ್ತು. ಇನ್ನೊಂದು ಅವರ ಪ್ರಸಿದ್ಧ ಮಾತು: "ಹೊಸ ಬಟ್ಟೆ ಕತ್ತರಿಸೋ ಮೊದ್ಲು ಏನು ಮಾಡ್ತೀವಿ? ನೀರಲ್ಲಿ ಹಾಕ್ತೀವಿ. ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಲಿ ಅಂತ ಬಿಡ್ತೀವಿ. ದೇಶ ಈಗ ನೀರಲ್ಲಿದೆ. ಕುಗ್ಗಲಿ ಬಿಡಿ! ಆಮೇಲೆ ಹೊಲಿದ್ರೆ ಮತ್ತೆ ಬಿಗಿಯಾಗಲ್ಲ." ಎರಡು ವರ್ಷದಿಂದ ನೀರಲ್ಲಿ ನೆನೆಯುತ್ತಿದ್ದ ಬಾಟ್ಲಿ ಕಾರ್ಖಾನೆಯ ಜನ ಎಡಗೈಯಿಂದ ಬೆಂಚು ಬಡಿಯುತ್ತಿದ್ದರು. ಬಲಗೈ ಕೋಟಿನ ಅಂಚು ಹಿಡಿದಿರುತ್ತಿತ್ತಲ್ಲ.

ಬಾಮೈದನದು ಬೇರೆ ರೀತಿ. ಮೂರು ಹಾಳೆ ಬರೆದು ತರುತ್ತಿದ್ದ. "ಒಂದನೆಯದಾಗಿ" ಎಂದು ಆರಂಭಿಸಿ ಎರಡನೆಯದನ್ನು ಎಂದೂ ಮುಟ್ಟಿದವನಲ್ಲ. ಕಪ್ಪು ಹಲಗೆಯ ಮೇಲೆ ಒಂದು ವೃತ್ತ ಬರೆಯುತ್ತಿದ್ದ. ಸರ್ಕಾರ ಕೂಲಿ ಕೊಟ್ಟರೆ ಕೂಲಿಯವನು ಚಪ್ಪಲಿ ಕೊಳ್ಳುತ್ತಾನೆ, ಚಪ್ಪಲಿಯವನು ತರಕಾರಿ ಕೊಳ್ಳುತ್ತಾನೆ, ತರಕಾರಿಯವನು ಪಾತ್ರೆ ಕೊಳ್ಳುತ್ತಾನೆ, ಹೀಗೆ ದುಡ್ಡು ಸುತ್ತಿ ಸುತ್ತಿ ಎಲ್ಲರನ್ನೂ ಎಬ್ಬಿಸಿ ಮತ್ತೆ ಸರ್ಕಾರದ ಮನೆಗೇ ಬರುತ್ತದೆ. ಮಾತು ಕೆಟ್ಟದ್ದಲ್ಲ. ಆದರೆ ಅವನ ವೃತ್ತ ಬರೆಯುತ್ತ ಬರೆಯುತ್ತ ದೊಡ್ಡದಾಗಿ, ತರಕಾರಿಯವನ ಹತ್ತಿರ ಬರುವಷ್ಟರಲ್ಲಿ ಹಲಗೆ ಮುಗಿದುಹೋಗುತ್ತಿತ್ತು. "ದುಡ್ಡು ಗೋಡೆ ಮೇಲೆ ಹೋಯ್ತಲ್ಲಪ್ಪೋ!" ಎಂದು ಹಿಂದಿನಿಂದ ಯಾರೋ ಕೂಗುತ್ತಿದ್ದರು. ಅವನು ಹಾಳೆಯಲ್ಲಿ ಜಾಗ ಹುಡುಕುತ್ತ ಬೆವರುತ್ತಿದ್ದ.

ಕೊನೆಗೆ ಮತ. ಅಧ್ಯಕ್ಷರು ತೂಕ ಮತ್ತು ಅಳತೆ ಇಲಾಖೆಯಲ್ಲಿ ನಿವೃತ್ತರಾದವರು. ಅವರೇ ಬರೆದ ನಿಯಮಗಳಲ್ಲಿ ಒಂಬತ್ತನೆಯದು: "ಮತ ನೀಡುವವರು ಬಲಗೈಯನ್ನು ಭುಜಕ್ಕಿಂತ ಮೇಲಕ್ಕೆ, ಕಾಣುವಂತೆ ಎತ್ತತಕ್ಕದ್ದು." ಹಿಂದೊಮ್ಮೆ ಒಬ್ಬ ಉತ್ಸಾಹಿ ಎರಡೂ ಕೈ ಎತ್ತಿ ಲೆಕ್ಕ ಕೆಡಿಸಿದ್ದನಂತೆ. ಅಂದಿನಿಂದ ಬಲಗೈ ಮಾತ್ರ. ಬಿಗಿ ಪಕ್ಷಕ್ಕೆ ಇಪ್ಪತ್ತರ ಸುಮಾರು ಕೈ ಏಳುತ್ತಿದ್ದವು: ಮನೆ ಬಾಡಿಗೆಗೆ ಕೊಟ್ಟವರು, ಪಿಂಚಣಿಯವರು, ಮಂಡಿಯ ವ್ಯಾಪಾರಿಗಳು. ಸಡಿಲ ಪಕ್ಷಕ್ಕೆ ನಾಲ್ಕೋ ಐದೋ. ಮಿಕ್ಕ ನಲವತ್ತು ಜನ ಎದೆಯ ಮೇಲೆ ಕೈಯಿಟ್ಟು, ಎರಡೂ ಪಕ್ಷವನ್ನು ಮೀರಿದವರಂತೆ ಸೂರು ನೋಡುತ್ತಿದ್ದರು. ಒಮ್ಮೆ ಸಾಗಣೆಯವನೊಬ್ಬ ಎಡಗೈಯಿಂದ ಬಲ ಎದೆ ಮುಚ್ಚಿಕೊಂಡು ಬಲಗೈ ಎತ್ತಲು ನೋಡಿದ. ಎದೆನೋವೆಂದು ತಿಳಿದು ನಾಲ್ಕು ಜನ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಆಮೇಲೆ ಯಾರೂ ಆ ಸಾಹಸ ಮಾಡಲಿಲ್ಲ.

ಹೀಗೆ ಮಾಸ್ತರು ಇಪ್ಪತ್ತೆರಡು ಸಲ ಗೆದ್ದರು. ಇಪ್ಪತ್ತೆರಡು ಸಲವೂ ಮನೆಗೆ ಬಂದು, "ನಿನ್ನ ತಮ್ಮನ್ನ ಇವತ್ತೂ ಮಡಚಿ ಇಸ್ತ್ರಿ ಮಾಡಿ ಇಟ್ಟೆ" ಎಂದು ಹೆಂಡತಿಗೆ ವರದಿ ಒಪ್ಪಿಸಿದರು.

ಮೂರನೆಯ ಚಳಿಗಾಲದಲ್ಲಿ ಒಂದು ವಿಷಯ ಬೆಳಕಿಗೆ ಬಂತು. ಅದನ್ನು ಬೆಳಕಿಗೆ ತಂದದ್ದು ಹೆಂಡತಿ, ಕಿಟಕಿಯ ಬಳಿ ಕುಳಿತವರು. ಕೋಟಿಗೆ ಇರುವುದು ಎರಡೇ ಮುಖ. ಊರಿನ ಕೋಟುಗಳೆಲ್ಲ ಒಂದೊಂದಾಗಿ ತಿರುವಿ ಮುಗಿದಿದ್ದವು.

"ರೀ, ಹದಿನೈದು ದಿನದಿಂದ ಹಿತ್ತಿಲ ಬಾಗಿಲು ಯಾರೂ ತಟ್ಟಿಲ್ಲ" ಎಂದರು ಆಕೆ.

"ತಟ್ತಾರೆ ಬಿಡು. ಚಳಿ ಇನ್ನೂ ಇದೆ."

"ಚಳಿ ಇದೆ, ಕೋಟಿಲ್ಲ. ಇನ್ನೊಂದು ಸಲ ತಿರುವಿದ್ರೆ ಸವೆದ ಮುಖವೇ ಹೊರಗೆ ಬರ್ತದೆ. ಅದನ್ನ ಅವರೇ ಮನೇಲಿ ಕೂತು ಮಾಡ್ಕೋಬಹುದು, ನಾವು ಯಾಕೆ?"

ಮಾಸ್ತರು ಇದಕ್ಕೆ ಉತ್ತರವಾಗಿ ದೇಶ ನೀರಲ್ಲಿ ಕುಗ್ಗುವ ಮಾತು ಶುರು ಮಾಡಿದರು. ಆಕೆ ಸೂಜಿ ಡಬ್ಬಿ ಸರಿಸಿದರು.

ಎರಡು ಮಶೀನಿಗೆ ಕೆಲಸವಿಲ್ಲ ಎಂದಾಯಿತು. ಹಾಸಿಗೆ ಹೊಲಿಯುವವನೊಬ್ಬ ಒಂದು ಮಶೀನು ಕೊಳ್ಳುತ್ತೇನೆಂದ. ಯಾವುದು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಮಾಸ್ತರರ ಮಶೀನು ಬಾಗಿಲಲ್ಲಿತ್ತು, ಅದು ಅಂಗಡಿಯ ಗೌರವ. ಸೋಮವಾರ ಸಂಜೆ ಕೈಗಾಡಿ ತರುತ್ತೇನೆ ಎಂದು ಹಾಸಿಗೆಯವನು ಹೇಳಿ ಹೋದ. ಹೋಗುವ ಮುನ್ನ ಕಿಟಕಿಯ ಬಳಿಯ ಮಶೀನಿನ ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿದ. ಹತ್ತಿ ತುಂಬಿದ ದಪ್ಪ ಬಟ್ಟೆಗೆ ಇದು ತಡೆದೀತೇ ಎಂದು ಕೇಳಿದ. "ಏನು ಕೊಟ್ರೂ ತಡಕೊಳ್ತದೆ" ಎಂದರು ಆಕೆ, ಗಂಡನ ಕಡೆ ನೋಡದೆ.

ಅದೇ ವಾರ ಪುರಸಭೆಯಲ್ಲಿ ಒಂದು ಪ್ರಸ್ತಾವ ಬಂದಿತ್ತು. ಬೀದಿ ಗುಡಿಸುವವರು, ನೀರು ಬಿಡುವವರು, ದೀಪದ ಕಂಬ ನೋಡಿಕೊಳ್ಳುವವರು ಸೇರಿ ಇನ್ನೂರು ಜನರಿಗೆ ಚಳಿಯ ಕೋಟು ಹೊಲಿಸುವುದು. ಹೊಲಿಸುವುದು ಊರಿನ ದರ್ಜಿಗಳಿಂದಲೇ. ಪರ ಎಷ್ಟೋ ವಿರೋಧವೂ ಅಷ್ಟೇ. ಉಳಿದದ್ದು ಒಂದು ಮತ, ನಮ್ಮ ವಾರ್ಡಿನ ಸದಸ್ಯರದು. ಇವರಿಗೆ ಊರಿನಲ್ಲಿ "ಹೂಂ ಸದಸ್ಯರು" ಎಂದೇ ಹೆಸರು. ಯಾರು ಏನು ಹೇಳಿದರೂ ಹೂಂ ಅನ್ನುವ ಅವರಿಗೆ, ಇಬ್ಬರು ಒಂದೇ ಸಮಯಕ್ಕೆ ಬೇರೆ ಬೇರೆ ಹೇಳಿದಾಗ ಮಾತ್ರ ಕಷ್ಟ. ಅವರು ಒಂದು ಬುದ್ಧಿವಂತಿಕೆಯ ದಾರಿ ಕಂಡುಕೊಂಡರು: "ಭಾನುವಾರ ವಾಚನಾಲಯಕ್ಕೆ ಬರ್ತೀನಿ. ಅಲ್ಲಿ ಸಭೆ ಯಾವ ಕಡೆ ಕೈ ಎತ್ತುತ್ತೋ, ಸೋಮವಾರ ಬೆಳಿಗ್ಗೆ ನಾನೂ ಆ ಕಡೆ."

ಈ ಸುದ್ದಿ ಮಾಸ್ತರರಿಗೆ ಭಾನುವಾರ ಊಟದ ಹೊತ್ತಿಗೆ ಗೊತ್ತಾಯಿತು. ಹೇಳಿದವರು ಹೆಂಡತಿ. ಅಂದು ನಡೆದ ಮಾತನ್ನು ಎಷ್ಟೋ ವರ್ಷ ಕಳೆದ ಮೇಲೆ ಆಕೆಯೇ ನನಗೆ ಹೇಳಿದ್ದು.

"ಇವತ್ತು ನೀವು ಗೆದ್ರೆ ನನ್ನ ಮಶೀನು ಹೋಯ್ತು. ಸೋತ್ರೆ ಉಳೀತು. ಇಷ್ಟೇ ವಿಷಯ."

ಮಾಸ್ತರು ತುತ್ತು ಕೈಯಲ್ಲೇ ಹಿಡಿದು ಕೂತರು. "ಸೋಲೋದಾ? ನಿನ್ನ ತಮ್ಮನ ಕೈಲಾ?"

"ಹೂಂ. ಅವನ ಕೈಲೇ."

"ಅಲ್ವೇ, ಸೋಲೋದಕ್ಕೂ ಎದುರಿಗೆ ಒಬ್ಬ ಗೆಲ್ಲೋನು ಬೇಕಲ್ವಾ! ನಾನು ಬಾಯೇ ಬಿಡದೆ ಕೂತ್ರೂ ಅವನು ಸೋಲ್ತಾನೆ."

"ಅದು ನಿಮ್ಮ ಜಾಣತನಕ್ಕೆ ಬಿಟ್ಟದ್ದು. ಇಪ್ಪತ್ತೆರಡು ಸಲ ಗೆದ್ದವ್ರು ಒಂದು ಸಲ ಸೋಲೋಕೆ ದಾರಿ ಕಾಣದಷ್ಟು ದಡ್ಡರೇನಲ್ಲ."

ತಮ್ಮನಿಗೂ ಆಕೆ ಹೇಳಿ ನೋಡಿದರು, "ಇವತ್ತೊಂದು ದಿನ ಹಾಳೆ ನೋಡ್ದೆ ಮಾತಾಡೋ" ಎಂದು. "ಅಕ್ಕ, ಹಾಳೆ ಇಲ್ದೆ ಅರ್ಥಶಾಸ್ತ್ರ ಇಲ್ಲ" ಎಂದ ಅವನು, ಮತ್ತು ಅಂದು ಐದು ಹಾಳೆ ತಂದ.

ಸಭೆ ತುಂಬಿತ್ತು. ಹೂಂ ಸದಸ್ಯರು ಮುಂದಿನ ಸಾಲಿನಲ್ಲಿ ಕುಳಿತು, ಅಧ್ಯಕ್ಷರ ಸ್ವಾಗತಕ್ಕೆ ಹೂಂ ಎಂದರು. ಮಾಸ್ತರರ ಹೆಂಡತಿ ಎಂದೂ ಬರದವರು ಅಂದು ಬಂದು ಬಾಗಿಲ ಬಳಿ ನಿಂತರು.

ಮೊದಲು ಬಾಮೈದ. ಒಂದನೆಯದಾಗಿ ಎಂದ, ವೃತ್ತ ಬರೆದ. ಈ ಸಲ ಕೂಲಿಯವನ ಜಾಗದಲ್ಲಿ ಬೀದಿ ಗುಡಿಸುವವನನ್ನು ಇಟ್ಟು, ಅವನಿಗೆ ಕೋಟು ಹೊಲಿದ ದರ್ಜಿ ಚಪ್ಪಲಿ ಕೊಳ್ಳುತ್ತಾನೆ ಎಂದ. "ಯಾವ ದರ್ಜಿ? ನಿಮ್ಮ ಭಾವನೇ?" ಎಂದು ಹಿಂದಿನಿಂದ ಕೂಗು. ನಗು. ನಾಲ್ಕನೆಯ ಹಾಳೆ ಮೂರನೆಯದಕ್ಕಿಂತ ಮೊದಲು ಬಂತು. ತರಕಾರಿಯವನು ದರ್ಜಿಗೆ ಚಪ್ಪಲಿ ಹೊಲಿದ. ಹಲಗೆ ಮುಗಿಯಿತು. ಬಾಮೈದ ಕುಳಿತ.

ಮಾಸ್ತರು ಎದ್ದರು. ಸೋಲಬೇಕೆಂದು ನಿಶ್ಚಯಿಸಿಕೊಂಡೇ ಎದ್ದರು. "ಈ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ" ಎಂದು ಶುರು ಮಾಡಿದರು.

"ಆಹಾ, ಏನು ವಿನಯ!" ಎಂದು ಪಿಂಚಣಿಯವರೊಬ್ಬರು ತಲೆದೂಗಿದರು.

"ನನ್ನ ಬಾಮೈದ ಹೇಳಿದ್ದರಲ್ಲಿ ತುಂಬ ಅರ್ಥ ಇದೆ" ಎಂದರು. ಸಭೆ ಇದನ್ನು ವ್ಯಂಗ್ಯವೆಂದು ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಾಮೈದನ ಕಿವಿ ಕೆಂಪಾಯಿತು.

"ಇಲ್ಲ, ನಿಜವಾಗ್ಲೂ ಹೇಳ್ತಿದೀನಿ!" ಎಂದರು. ಇನ್ನೂ ಜೋರು ನಗು.

ಬೇರೆ ದಾರಿ ಕಾಣದೆ ಮಾಸ್ತರು ಸುಮ್ಮನೆ ನಿಂತುಬಿಟ್ಟರು. ಬಾಯಲ್ಲಿ ಸೂಜಿಯಿಲ್ಲದೆ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಯಾವುದೋ ದೊಡ್ಡ ಮಾತು ಬರುತ್ತಿದೆ ಎಂದು ಹಿಂದಿನವರು ಎದ್ದು ನಿಂತರು. ಏನೂ ಬರಲಿಲ್ಲ. ಮಾಸ್ತರು ಕುಳಿತರು. "ಒಂದೇ ಒಂದು ಮಾತಿಲ್ದೆ ಸರ್ಕಾರದ ಮುಖಕ್ಕೆ ಹೊಡೆದ್ರಲ್ಲ!" ಎಂದು ಮಂಡಿಯ ವ್ಯಾಪಾರಿ ಉದ್ಗರಿಸಿದರು. ಹೂಂ ಸದಸ್ಯರು ಹೂಂ ಎಂದರು.

ಅಧ್ಯಕ್ಷರು ಒಂಬತ್ತನೆಯ ನಿಯಮ ಓದಿ, "ಬಿಗಿ ಪಕ್ಷದ ಪರವಾಗಿರುವವರು ಬಲಗೈ ಎತ್ತಬೇಕು" ಎಂದರು. ಕೈಗಳು ಎದ್ದವು. ಹತ್ತೊಂಬತ್ತು.

ಇಪ್ಪತ್ತೆರಡು ಸಲವೂ ಮಾಸ್ತರು ನೋಡಿದ್ದು ಎತ್ತಿದ ಕೈಗಳನ್ನೇ. ಹೊಗಳಿಕೆಯ ಕಡೆ ನೋಡುವವರಿಗೆ ಬೇರೆ ಏನು ಕಾಣುತ್ತದೆ? ಅಂದು ಆ ಕೈಗಳು ಅವರಿಗೆ ಬೇಡವಾಗಿದ್ದವು. ಆದ್ದರಿಂದ ಮೊದಲ ಸಲ ಏಳದ ಕೈಗಳನ್ನು ನೋಡಿದರು. ಬೆಂಚಿನಿಂದ ಬೆಂಚಿಗೆ, ಎದೆಯಿಂದ ಎದೆಗೆ. ಪ್ರತಿ ಕೋಟಿನ ಕಾಲರಿನ ಮಡಿಕೆ ಅವರಿಗೆ ಪರಿಚಿತ. ಇದು ಹೋದ ವರ್ಷ ಬಿಚ್ಚಿದ್ದು, ಇದರ ಭುಜ ತುಸು ಎಳೆದದ್ದು, ಇದರ ಮೂರನೆಯ ಕಾಜ ಮುಚ್ಚಲು ಹೆಂಡತಿ ಎರಡು ದಿನ ತೆಗೆದುಕೊಂಡದ್ದು. ನಲವತ್ತು ಕೋಟು, ನಲವತ್ತು ಬಲ ಜೇಬು, ಅವುಗಳ ಮೇಲೆ ನಲವತ್ತು ಬಲಗೈ. ಕೆಲಸ ಹೋದವರು, ಅರ್ಧ ಕೆಲಸದವರು, ನಾಳೆ ಹೋಗಬಹುದಾದವರು. ಸರ್ಕಾರ ಏನಾದರೂ ಮಾಡಲಿ ಎಂದು ಯಾರಿಗಾದರೂ ಅನ್ನಿಸಬೇಕಾದರೆ ಇವರಿಗೆ ಅನ್ನಿಸಬೇಕು. ಆದರೆ ಕೈ ಎತ್ತಿದರೆ ಜೇಬು ಕಾಣುತ್ತದೆ.

ಆ ಕ್ಷಣ ಮಾಸ್ತರರ ಮುಖ ನೋಡಿದವನು ನಾನು. ಎರಡನೆಯ ಸಾಲಿನಲ್ಲಿ, ಎದೆಯ ಮೇಲೆ ಕೈಯಿಟ್ಟು ಕುಳಿತಿದ್ದೆ. ಅಳತೆ ತಪ್ಪಿ ಕತ್ತರಿಸಿಬಿಟ್ಟ ಬಟ್ಟೆಯನ್ನು ನೋಡುವ ಹಾಗೆ ಅವರು ನಮ್ಮನ್ನು ನೋಡುತ್ತಿದ್ದರು. ಇಪ್ಪತ್ತೆರಡು ಗೆಲುವು ಅವರ ನಾಲಿಗೆಯದ್ದಲ್ಲ, ಅವರ ಸೂಜಿಯದ್ದು! ಜೇಬು ನೀರು ಬಟ್ಟೆ ಎಂದು ಗುಡುಗಿದ್ದೆಲ್ಲ ವ್ಯರ್ಥ. ಅವರ ಬದಲು ಒಂದು ಕತ್ತೆಯನ್ನು ನಿಲ್ಲಿಸಿದ್ದರೂ ಬಿಗಿ ಪಕ್ಷವೇ ಗೆಲ್ಲುತ್ತಿತ್ತು.

"ಇನ್ನು ಸಡಿಲ ಪಕ್ಷದ..." ಎಂದು ಅಧ್ಯಕ್ಷರು ಆರಂಭಿಸುತ್ತಿದ್ದ ಹಾಗೇ ಮಾಸ್ತರು ಎದ್ದರು. ಬಾಗಿಲ ಕಡೆ ಒಮ್ಮೆ ನೋಡಿದರು. ಎಲ್ಲರ ಗುಟ್ಟೂ ಅವರ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ಗೆಲುವಿನ ಕಥೆ ಮುಗಿಯುತ್ತಿತ್ತು, ನಲವತ್ತು ಜನರ ಮರ್ಯಾದೆಯೂ ಮುಗಿಯುತ್ತಿತ್ತು.

"ಅಧ್ಯಕ್ಷರೇ, ಒಂದು ಆಕ್ಷೇಪಣೆ!" ಎಂದರು, ಹಳೆಯ ಗುಡುಗಿನಲ್ಲೇ. "ಬಲಗೈ ದುಡಿಯೋ ಕೈ. ಸರ್ಕಾರ ಕೊಡ್ಲಿ ಅಂತ ಕೇಳೋದು ಸೋಮಾರಿಗಳ ಮಾತು. ಅದಕ್ಕೆ ಬಲಗೈ ಯಾಕೆ? ಎಡಗೈ ಸಾಕು! ಸಡಿಲ ಪಕ್ಷದವ್ರು ಎಡಗೈ ಎತ್ತಲಿ!"

ಬಾಮೈದ ಛಂಗನೆ ಎದ್ದ. "ಇದು ಅವಮಾನ! ಭಾವ, ಇದು ಅತಿಯಾಯ್ತು!"

"ಕೂತ್ಕೊಳ್ಳೋ. ಎಡಗೈಲೂ ನಿನಗೆ ಐದು ಬಿದ್ರೆ ಹೆಚ್ಚು."

ಅಧ್ಯಕ್ಷರು ನಿಯಮದ ಪುಸ್ತಕ ತಿರುವಿದರು, ಕನ್ನಡಕ ಒರೆಸಿಕೊಂಡರು. ನಿಯಮಕ್ಕೆ ವಿರುದ್ಧ ಎಂದರು. ಗಣಿತದ ಮೇಷ್ಟ್ರು ಅಂಚು ಹಿಡಿದ ಕೈ ಬಿಡದೆ ಎದ್ದು, ಒಬ್ಬನಿಗೆ ಒಂದೇ ಕೈ ಎಂಬುದು ನಿಯಮದ ಸಾರ, ಯಾವ ಕೈ ಎಂಬುದು ವಿವರ ಎಂದರು. ಅವರ ದನಿಯಲ್ಲಿ ಅದುವರೆಗೆ ನಾನು ಕೇಳದ ಆತುರವಿತ್ತು. ಬಿಗಿ ಪಕ್ಷದವರಿಗೂ ಈ ಅವಮಾನ ರುಚಿಸಿ, "ಆಗ್ಲಿ, ಎಡಗೈ, ಎಡಗೈ!" ಎಂದು ಕೂಗಿದರು. ಅಧ್ಯಕ್ಷರು ಒಪ್ಪಿದರು.

ಬಲಗೈಯಲ್ಲಿ ಕೋಟಿನ ಅಂಚು ಹಿಡಿದುಕೊಂಡೇ, ಒಂದು ಎಡಗೈ ಎದ್ದಿತು. ಆಮೇಲೆ ಇನ್ನೊಂದು. ಆಮೇಲೆ ಬೆಂಚಿಗೆ ಬೆಂಚೇ. ನನ್ನದೂ ಎದ್ದಿತು, ನನ್ನನ್ನು ಕೇಳದೆ. ಅಧ್ಯಕ್ಷರು ಮೂರು ಸಲ ಎಣಿಸಿದರು, ತೂಕ ಇಲಾಖೆಯವರಲ್ಲವೇ. ನಲವತ್ತನಾಲ್ಕು.

ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಎರಡು ವರ್ಷದಲ್ಲಿ ಆ ನಲವತ್ತು ಜನ ಯಾವುದರಲ್ಲೂ ಗೆದ್ದಿರಲಿಲ್ಲ. ಗೆದ್ದೆವೆಂದು ತಿಳಿದ ಕೂಡಲೇ ಮೈಮರೆತು ಚಪ್ಪಾಳೆ ತಟ್ಟಿದರು. ಎರಡೂ ಕೈಯಿಂದ. ತಟ್ಟುತ್ತ ಪಕ್ಕದವನ ಕಡೆ ನೋಡಿ ನಕ್ಕರು, ನಕ್ಕವರ ಕಣ್ಣು ಪಕ್ಕದವನ ಎದೆಯ ಮೇಲೆ ಹೋಯಿತು. ಚಪ್ಪಾಳೆ ಥಟ್ಟನೆ ನಿಂತಿತು. ಬಲಗಡೆ ಜೇಬು. ಅವನ ಆಚೆಯವನದೂ ಬಲಗಡೆ. ಹಿಂದಿನ ಸಾಲು, ಮುಂದಿನ ಸಾಲು. ಗಣಿತದ ಮೇಷ್ಟ್ರು ನನ್ನ ಜೇಬನ್ನು ನೋಡಿದರು, ನಾನು ಅವರದನ್ನು ನೋಡಿದೆ. "ಅಂದು ನೀವು ಯಾರದೋ ವಿಳಾಸ ಕೇಳಿದ್ರಿ, ಸಿಕ್ತಾ?" ಎಂದರು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಆಮೇಲೆ ಚಪ್ಪಾಳೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಸೋಮವಾರ ಬೆಳಿಗ್ಗೆ ಹೂಂ ಸದಸ್ಯರು ಹೂಂ ಎಂದರು. ಸಂಜೆ ಹಾಸಿಗೆಯವನು ಕೈಗಾಡಿ ತಂದು, ಮಶೀನು ಓಡುತ್ತಿರುವ ಸದ್ದು ಕೇಳಿ, ಬಾಗಿಲಿಂದಲೇ ತಿರುಗಿಸಿಕೊಂಡು ಹೋದ. ವಾರದೊಳಗೆ ಪುರಸಭೆಯ ಆದೇಶ ಅಂಗಡಿಗೆ ಬಂತು. ಕೋಟಿನ ವಿವರದ ಕೆಳಗೆ ಹೀಗೆ ಬರೆದಿತ್ತು: "ಎದೆಯ ಜೇಬು ಬಲಗಡೆ ಇರತಕ್ಕದ್ದು, ಊರಿನ ಗಣ್ಯರು ಈಗ ಧರಿಸುತ್ತಿರುವ ಮಾದರಿಯಂತೆ." ಚಪ್ಪಾಳೆಯ ಹೊತ್ತಿನಲ್ಲಿ ಹೂಂ ಸದಸ್ಯರು ಹಿಂತಿರುಗಿ ನೋಡಿದ್ದರು. ನಲವತ್ತು ಜನ ಒಂದೇ ಬಗೆಯ ಜೇಬಿಟ್ಟು, ಅದನ್ನೇ ಹಿಡಿದುಕೊಂಡು ಗಂಭೀರವಾಗಿ ನಿಲ್ಲುತ್ತಾರೆ ಎಂದರೆ ಅದು ಹೊಸ ಫ್ಯಾಶನ್ನೇ ಇರಬೇಕು ಎಂದು ಅವರ ತೀರ್ಮಾನ. ಜೀವನದಲ್ಲಿ ಅವರು ಸ್ವಂತ ಬುದ್ಧಿಯಿಂದ ಮಾಡಿದ ತೀರ್ಮಾನ ಅದೊಂದೇ.

ಬಲಗಡೆಯ ಜೇಬಿಗೆ ಸರ್ಕಾರದ ಮುದ್ರೆ ಬಿದ್ದ ಮೇಲೆ ನಾವೆಲ್ಲ ಕೈ ಬೀಸಿಕೊಂಡು ನಡೆದೆವು. ಹಿತ್ತಿಲ ಬಾಗಿಲನ್ನು ಜನ ಮತ್ತೆ ತಟ್ಟತೊಡಗಿದರು. ಈ ಸಲ ಬಂದವರು ಬಿಗಿ ಪಕ್ಷದವರು. ಮನೆ ಬಾಡಿಗೆಯವರು, ಪಿಂಚಣಿಯವರು, ಮಂಡಿಯ ವ್ಯಾಪಾರಿಗಳು ತಮ್ಮ ಗಟ್ಟಿಮುಟ್ಟಾದ ಕೋಟುಗಳನ್ನು ಕಾಗದದಲ್ಲಿ ಸುತ್ತಿ ತಂದು, ಯಾರಿಗೂ ಹೇಳಬೇಡಿ ಎಂದು ತಿರುವಿಸಿಕೊಂಡು ಹೋದರು. ಮಾಸ್ತರು ಹೇಳಲಿಲ್ಲ.

ಮುಂದಿನ ಮಳೆಗಾಲಕ್ಕೆ ಬಾಟ್ಲಿ ಕಾರ್ಖಾನೆಯ ಎರಡನೆಯ ಚಿಮಣಿ ಹೊಗೆ ಬಿಟ್ಟಿತು. ಕಾರಣ ಇನ್ನೂರು ಕೋಟು ಎಂದು ಬಾಮೈದ. ಕುಗ್ಗಬೇಕಾದಷ್ಟು ಕುಗ್ಗಿ ತಾನಾಗಿಯೇ ನಿಂತಿತು ಎಂದು ಮಾಸ್ತರು. ಇದನ್ನು ಪರಿಶೀಲಿಸಲು ಅಧ್ಯಕ್ಷರು ಒಂದು ಉಪಸಮಿತಿ ನೇಮಿಸಿದರು. ಕಾರ್ಖಾನೆಯವರನ್ನು ಕೇಳಿದರೆ, ದೂರದ ಯಾವುದೋ ಊರಿನವರು ಬಾಟ್ಲಿ ಬೇಕೆಂದರಂತೆ. ಅವರಿಗೆ ಯಾಕೆ ಬೇಕಾಯಿತು ಎಂಬುದು ಉಪಸಮಿತಿಗೆ ಇಂದಿಗೂ ಗೊತ್ತಾಗಿಲ್ಲ.

ಆದರೆ ಚರ್ಚಾಕೂಟದಲ್ಲಿ ಮಾಸ್ತರು ಮತ್ತೆ ಗೆಲ್ಲಲಿಲ್ಲ. ಎಲ್ಲರ ಕೈಗಳೂ ಬಿಡುವಾಗಿದ್ದವು, ಎದ್ದವು. ಅಹಂಕಾರದ ಒಂದು ಮಾತಿನಿಂದ ಸೋತವರು ಎಂದು ಊರು ಅವರನ್ನು ನೆನಪಿಟ್ಟುಕೊಂಡಿತು. ಮಕ್ಕಳಿಗೆ ಬುದ್ಧಿ ಹೇಳುವಾಗ ತಂದೆತಾಯಿಗಳು, "ದರ್ಜಿ ಮಾಸ್ತರರ ಎಡಗೈ ಕಥೆ ಗೊತ್ತಲ್ಲ?" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಗುಂಡಿ ಹಾಕಿಸಿಕೊಳ್ಳುತ್ತಿದ್ದೆ. ಬಾಮೈದ ಹೊಚ್ಚಹೊಸ ಕೋಟು ಹಾಕಿಕೊಂಡು ಬಂದ, ಮುಂಬಾಗಿಲಿಂದಲೇ. "ಭಾವ, ಇದನ್ನೂ ತಿರುವಿಕೊಡಿ. ಎಲ್ಲರದೂ ಬಲಗಡೆ ಇದೆ, ನನ್ನದೊಂದೇ ಹಳೇ ಕಾಲದ್ದಾಗಿದೆ."

"ಹೊಸ ಕೋಟಲ್ವೇನೋ ಇದು?"

"ಇರ್ಲಿ. ಈಗ ನಾನು ಮೂರು ಕಡೆ ಭಾಷಣಕ್ಕೆ ಹೋಗ್ಬೇಕು." ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತ ಅವನು ಮುಂದುವರಿಸಿದ: "ಆ ದಿನ ನನ್ನ ವೃತ್ತದ ಮಾತು ಜನಕ್ಕೆ ಹೇಗೆ ನಾಟಿತು ನೋಡಿ. ನಲವತ್ತನಾಲ್ಕು! ನಿಮ್ಮದು ಬರೀ ನಗಿಸೋ ಮಾತು ಭಾವ. ಜನಕ್ಕೆ ಬೇಕಾದ್ದು ವಿಚಾರ."

ಮಾಸ್ತರರ ಕೈಯಲ್ಲಿದ್ದ ಟೇಪು ನಿಂತಿತು. ಕೋಟು, ಜೇಬು, ನಲವತ್ತು ಕೈ, ಎಲ್ಲವೂ ಅವರ ಗಂಟಲಿಗೆ ಬಂದು ನಿಂತಿದ್ದನ್ನು ನಾನು ಕಣ್ಣಾರೆ ಕಂಡೆ. "ಲೋ ನೋಡು..." ಎಂದು ಬಾಯಿ ತೆರೆದರು.

ಕಿಟಕಿಯ ಬಳಿ ಮಶೀನಿನ ಸದ್ದು ನಿಂತಿತು. ಹೆಂಡತಿ ಎದ್ದು ಬಂದು ಸೂಜಿ ಡಬ್ಬಿಯನ್ನು ಮುಂದೆ ಹಿಡಿದರು.

"ತೊಗೊಳ್ಳಿ."

ಮಾಸ್ತರು ಒಂದೊಂದಾಗಿ ಎಂಟು ಸೂಜಿ ತೆಗೆದು ತುಟಿಗಳ ನಡುವೆ ಇಟ್ಟುಕೊಂಡರು. ಆಮೇಲೆ ಬಾಮೈದನ ಭುಜ ಹಿಡಿದು ಕನ್ನಡಿಯ ಕಡೆ ತಿರುಗಿಸಿ ಕೆಲಸ ಶುರು ಮಾಡಿದರು. ಬಾಮೈದ ಒಂದನೆಯದಾಗಿ ಎಂದು ಆರಂಭಿಸಿದ. ಹಿಂದೆ ಮಶೀನು ಮತ್ತೆ ಓಡತೊಡಗಿತು.